ತಪ್ಪಿಲ್ಲದ ತಂತಿ

ಕಾಗೆ ಗವಿಸಿದ್ದಪ್ಪನ ತಲೆ ಮುಟ್ಟಿದ್ದು ಬೆಳಿಗ್ಗೆ ಆರೂವರೆಗೆ. ತಪ್ಪು ಕಾಗೆಯದಲ್ಲ. ಬ್ರೂಸ್‌ಪೇಟೆಯ ವಠಾರದ ಅಂಗಳದಲ್ಲಿ ಅವನು ಒಂದು ಕೈಯಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ತಟ್ಟೆ, ಇನ್ನೊಂದು ಕೈಯಲ್ಲಿ ಇಂಗ್ಲಿಷ್ ಗೈಡು ಹಿಡಿದು, ಕಣ್ಣು ಮುಚ್ಚಿಕೊಂಡು, “ಗೋ ವೆಂಟ್ ಗಾನ್, ಈಟ್ ಏಟ್ ಈಟನ್” ಎಂದು ಜಪ ಮಾಡುತ್ತಾ ಓಡಾಡುತ್ತಿದ್ದ. ಕಣ್ಣು ಮುಚ್ಚಿದವನ ತಟ್ಟೆಯಲ್ಲಿ ಮಿರ್ಚಿ ಕಂಡರೆ ಯಾವ ಕಾಗೆ ಸುಮ್ಮನಿದ್ದೀತು? ಮಿರ್ಚಿ ಎತ್ತಿಕೊಂಡು ಹೋಗುವಾಗ ಅವನ ನೆತ್ತಿಯ ಮೇಲೆ ಒಮ್ಮೆ ಕಾಲೂರಿ ಹೋಯಿತು, ಅಷ್ಟೆ.

ಅವತ್ತೇ ಮಧ್ಯಾಹ್ನ ಎರಡು ಗಂಟೆಗೆ ಕುರುಗೋಡಿನಲ್ಲಿ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆ. ಉಳಿದ ವಿಷಯಗಳನ್ನೆಲ್ಲ ಗವಿಸಿದ್ದಪ್ಪ ಎಂದೋ ಪಾಸು ಮಾಡಿಕೊಂಡಿದ್ದ. ಇಂಗ್ಲಿಷ್ ಮಾತ್ರ ಆರು ಸಲ ಕೈ ಕೊಟ್ಟಿತ್ತು. ಆಫೀಸಿನಲ್ಲಿ ಹತ್ತು ವರ್ಷದಿಂದ ಫೈಲು ಹೊರುವ ಜವಾನನಾಗಿದ್ದವನಿಗೆ ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರು: “ಗುಮಾಸ್ತನ ಕುರ್ಚಿ ಖಾಲಿ ಐತಿ. ಈ ಸಲ ಪಾಸಾದ್ರ ನಿಂದು, ಇಲ್ಲಂದ್ರ ಸುಂಕಣ್ಣಂದು.” ಸುಂಕಣ್ಣ ಅವನಿಗಿಂತ ಎಂಟು ವರ್ಷ ಚಿಕ್ಕ ಜವಾನ. ಆಗಲೇ ಎರಡು ಸಲ ಆ ಕುರ್ಚಿಯಲ್ಲಿ ಕೂತು ನೋಡಿದ್ದ.

ಕಾಗೆಯನ್ನು ನೋಡಿದವರು ವಠಾರದ ಹಿರಿಯರಾದ ವೀರಭದ್ರಮ್ಮ. ನೋಡದೆ ಇರಲು ಅವರಿಗೆ ಬೇರೆ ಕೆಲಸವೂ ಇರಲಿಲ್ಲ.

“ಅಯ್ಯ ನನ್ನಪ್ಪಾ! ಕಾಗಿ ಮುಟ್ತಲ್ಲೋ! ಏ ಅಕ್ಕನಾಗಮ್ಮಾ, ಬಾರ ಹೊರಗ, ನಿನ್ನ ಗಂಡಗ ಕಾಗಿ ಮುಟ್ತು!”

ಹೆಂಡತಿ ಅಕ್ಕನಾಗಮ್ಮ ಸೌಟು ಹಿಡಿದೇ ಓಡಿ ಬಂದಳು. ಗವಿಸಿದ್ದಪ್ಪ ತಲೆ ಒರೆಸಿಕೊಂಡ. “ಮಿರ್ಚಿ ಹೋತು, ಅಷ್ಟ. ನನಗ ಓದಾಕ ಬಿಡ್ರಿ” ಎಂದ.

ಯಾರು ಬಿಡುತ್ತಾರೆ! ಕಾಗೆ ತಲೆ ಮುಟ್ಟಿದರೆ ಮನುಷ್ಯ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತು. ಪರಿಹಾರವೂ ಗೊತ್ತು. ಆ ಮನುಷ್ಯ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಬಾಯಿ ಬಿಟ್ಟು ಅತ್ತರೆ ಸಾವು ಬಂದು ಹೋದ ಲೆಕ್ಕ. ಆಮೇಲೆ ನಿಜ ಹೇಳಬಹುದು, ಬೈಸಿಕೊಳ್ಳಬಹುದು.

“ಸೋದರಮಾವ ಅಳಬೇಕು ನೋಡು” ಎಂದು ವೀರಭದ್ರಮ್ಮ ತೀರ್ಪು ಕೊಟ್ಟರು. “ಕುರುಗೋಡಿನ ನಿನ್ನ ಮಾಮಗ ತಂತಿ ಕೊಡು.”

“ಆ ಮಾಮನ ಸಾಲಿಯಾಗನ ನಂದು ಪರೀಕ್ಷಿ! ಅವನ ಅಲ್ಲಿ ಮುಖ್ಯಸ್ಥ.”

“ಚಲೋನ ಆತಲ್ಲ. ಹತ್ತು ಗಂಟೆಗೆ ಅಳ್ತಾನ, ಒಂದು ಗಂಟೆಗೆ ನಿನ್ನ ನೋಡಿ ನಗ್ತಾನ.”

ಅಕ್ಕನಾಗಮ್ಮನ ಕಣ್ಣಲ್ಲಿ ನೀರು ನಿಂತಿತ್ತು. “ರೀ, ನಿಮ್ಮ ಕುರ್ಚಿ ಹಾಳಾಗಿ ಹೋಗ್ಲಿ. ನನಗ ನೀವು ಬೇಕು” ಎಂದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಹೀಗೆ ಹೇಳಿದ್ದು ಇದೇ ಮೊದಲು. ಗವಿಸಿದ್ದಪ್ಪ ಕರಗಿಹೋದ.

ಪಕ್ಕದ ಮನೆಯ ಟೈಲರ್ ಶೇಕ್ಷಾವಲಿ ತನ್ನ ಹೆಸರಿನಲ್ಲಿ ತಂತಿ ಕೊಡಲು ಒಪ್ಪಿದ. “ಅಣ್ಣಾ, ಸತ್ತವನ ಹೆಸರಿಂದ ತಂತಿ ಹೋದ್ರ ಚಂದ ಇರಂಗಿಲ್ಲ. ಆದ್ರ ಬರಿಯೋದು ನೀನ ಬರಿ. ನಿನಗೂ ಪ್ರಾಕ್ಟೀಸ್ ಆಕ್ಕೈತಿ.”

ಇಬ್ಬರೂ ತಂತಿ ಕಚೇರಿಗೆ ಹೋದರು. ಗವಿಸಿದ್ದಪ್ಪ ಗೈಡಿನ ನೂರಾ ಹನ್ನೆರಡನೇ ಪುಟ ತೆಗೆದ. ಸಾವಿನ ತಂತಿಯ ಮಾದರಿ ಅಲ್ಲಿ ಅಚ್ಚುಕಟ್ಟಾಗಿ ಇತ್ತು. ‘ಇಂಥವರು ಇಂದು ಬೆಳಿಗ್ಗೆ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇನೆ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಇಂಥವರು ಎನ್ನುವಲ್ಲಿ ತನ್ನ ಹೆಸರು ಹಾಕಿ, ಅಕ್ಷರಕ್ಕೆ ಅಕ್ಷರ ನಕಲು ಮಾಡಿ, ಮೂರು ಸಲ ತಾಳೆ ನೋಡಿದ.

ಕೌಂಟರಿನ ಗುಮಾಸ್ತ ಓದಿ ತಲೆದೂಗಿದ. “ದಿನಾ ಎಷ್ಟು ತಂತಿ ನೋಡ್ತೀನ್ರಿ. ಇಷ್ಟು ಚೊಕ್ಕ ಇಂಗ್ಲಿಷ್ ನೋಡಿಲ್ಲ. ಒಂದು ತಪ್ಪಿಲ್ಲ.” ಆಮೇಲೆ ವಿಷಯ ನೆನಪಾಗಿ ದನಿ ತಗ್ಗಿಸಿದ. “ತೀರಿಕೊಂಡವರು ನಿಮಗೇನಾಗಬೇಕ್ರಿ?”

“ಭಾಳ ಹತ್ತಿರದವರು” ಎಂದ ಗವಿಸಿದ್ದಪ್ಪ, ನಗು ತಡೆಯಲಾರದೆ. ಅವನ ಇಂಗ್ಲಿಷನ್ನು ಹುಟ್ಟಿದಾರಭ್ಯ ಯಾರೂ ಹೊಗಳಿರಲಿಲ್ಲ. ಸಂಬಂಧಿಕ ಸತ್ತರೆ ಇಷ್ಟು ಖುಷಿಪಡುವವನನ್ನು ಗುಮಾಸ್ತ ಎಂದೂ ಕಂಡಿರಲಿಲ್ಲ.

ಒಂಬತ್ತರ ಬಸ್ಸಿಗೆ ಹೊರಟರೆ ವೀರಭದ್ರಮ್ಮ ಅಡ್ಡ ನಿಂತರು. “ಅವರು ಅಳೂದ್ರಾಗ ನೀ ಹೋಗಿ ಎದುರಿಗೆ ನಿಂತ್ರ ಎಲ್ಲಾ ನೀರಾಗ ಹೋತು!” ಅದಾದ ಮೇಲೆ ತಲೆಗೆ ಎಣ್ಣೆ, ಎಣ್ಣೆಯ ಮೇಲೆ ಎಂಟು ಕೊಡ ನೀರು, ಈಶ್ವರನ ಗುಡಿಗೆ ಐದು ಸುತ್ತು. ಸುತ್ತು ಹಾಕುವಾಗಲೂ ಅವನು “ರೈಟ್ ರೋಟ್ ರಿಟನ್” ಎನ್ನುತ್ತಿದ್ದ. ಪೂಜಾರಿ ಅದು ಯಾವ ಮಂತ್ರವೆಂದು ಕೇಳಿದ. ಹನ್ನೊಂದೂವರೆಯ ಬಸ್ಸು ಸಿಕ್ಕಿತು.

ಒಂದು ಗಂಟೆಗೆ ಕುರುಗೋಡಿನ ಶಾಲೆಯ ಗೇಟಿನಲ್ಲಿ ಅವನನ್ನು ಕಂಡ ಜವಾನ ಎರ್ರೆಪ್ಪ ಕೈಯಲ್ಲಿದ್ದ ಗಂಟೆಯ ಸುತ್ತಿಗೆ ಬಿಟ್ಟು ಓಡಿದ. ಒಳಗೆ ಮುಖ್ಯೋಪಾಧ್ಯಾಯ ಚಿದಾನಂದಪ್ಪ, ಅಂದರೆ ಸೋದರಮಾವ, ಊದಿಕೊಂಡ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದರು.

“ಮಾಮಾ, ನಾನು. ಸತ್ತಿಲ್ಲ. ಕಾಗಿ ಮುಟ್ಟಿತ್ತು.”

ಚಿದಾನಂದಪ್ಪ ಎದ್ದು ಬಂದು ಅವನ ತೋಳು ಚಿವುಟಿ ನೋಡಿದರು, ಅಪ್ಪಿಕೊಂಡರು, ಆಮೇಲೆ ಒಂದೇಟು ಹಾಕಿದರು. “ಸೂಳೆಮಗನ, ಮುಂಜಾನಿಂದ ಅತ್ತು ಅತ್ತು ಸಾಕಾಗೇನಿ! ಸಾಲಿ ಹುಡುಗರನ್ನೆಲ್ಲ ಎರಡು ನಿಮಿಷ ನಿಲ್ಲಿಸೀನಿ!”

“ತಪ್ಪಾತು ಮಾಮಾ. ಈಗ ಸಾಲಿಗೆ ಬಂದಿರೋ ನನ್ನ ಹಾಲ್ ಟಿಕೆಟ್ ಕೊಡ್ರಿ, ಹೋಗಿ ಕುಂದರ್ತೀನಿ.”

ಮಾವನ ಮುಖ ಇಳಿಯಿತು. “ಎಲ್ಲಿ ಹಾಲ್ ಟಿಕೆಟ್ಟು? ಹನ್ನೆರಡಕ್ಕ ಪರೀಕ್ಷಾ ಮಂಡಳಿ ಸಾಹೇಬ್ರು ಬಂದಿದ್ರು. ಅಭ್ಯರ್ಥಿ ಮೃತ ಅಂತ ಕೆಂಪು ಮಸಿಲೆ ನಿನ್ನ ಹೆಸರು ಹೊಡದೆ. ಅವರು ಸಹಿ ಹಾಕಿ, ಟಿಕೆಟ್ಟು ತೊಗೊಂಡು ಸಿರುಗುಪ್ಪಕ್ಕ ಹೋದ್ರು. ಸತ್ತವನ್ನ ತಿರುಗಿ ಬರಕೊಳ್ಳೋ ಅಧಿಕಾರ ನನಗಿಲ್ಲ.”

ಗವಿಸಿದ್ದಪ್ಪ ಗೈಡನ್ನು ಮೇಜಿನ ಮೇಲೆ ಕುಕ್ಕಿದ. “ಮಾಮಾ, ನಿಮಗ ಅನುಮಾನನ ಬರಲಿಲ್ಲೇನ್ರಿ? ನಮ್ಮ ಕಡೆ ಇದು ಇದ್ದದ್ದ ಅಲ್ಲೇನು?”

“ಬಂತಪ್ಪಾ, ಮೊದಲು ಅದ ಬಂತು. ಇವಗ ಕಾಗಿ-ಗೀಗಿ ಮುಟ್ಟೈತಿ, ತಾನ ಕೂತು ಬರದಾನ ಅನಕೊಂಡೆ. ಆಮ್ಯಾಲೆ ಇಂಗ್ಲಿಷ್ ನೋಡಿದೆ. ಒಂದು ತಪ್ಪಿಲ್ಲ! ಮೂರು ವರ್ಷ ನಿನಗ ಕಲಿಸಿದವ ನಾನು. ಇದು ನಮ್ಮ ಗವಿಸಿದ್ದ ಬರದದ್ದಲ್ಲ, ಅಂದಮ್ಯಾಲೆ ಖರೇನ ಹೋಗ್ಯಾನ ಅಂತ ಎದಿ ಒಡಕೊಂಡು ಅತ್ತೆ.”

 ಚಿದಾನಂದಪ್ಪ ಒಂದು ಹಾಳೆ ಮುಂದೆ ತಳ್ಳಿದರು. “ಮಂಡಳಿಗೆ ಅರ್ಜಿ ಬರಿ. ಜೀವಂತ ಅದೀನಿ, ಅಕ್ಟೋಬರ್‌ನಾಗ ಕುಂದ್ರಾಕ ಅವಕಾಶ ಕೊಡ್ರಿ ಅಂತ. ಇಂಗ್ಲಿಷ್‌ನಾಗ ಇರಬೇಕು.”

ಬದುಕಿರುವವರು ಬರೆಯುವ ಅರ್ಜಿ ಗೈಡಿನಲ್ಲಿ ಇರಲಿಲ್ಲ. ಅಕ್ಟೋಬರಿನ ತನಕ ಸುಂಕಣ್ಣ ಕುರ್ಚಿ ಬಿಟ್ಟು ಕಾಯುವವನಲ್ಲ ಎಂಬುದೂ ಗವಿಸಿದ್ದಪ್ಪನಿಗೆ ಗೊತ್ತಿತ್ತು. ಆದರೂ ಬೆವರು ಒರೆಸಿಕೊಳ್ಳುತ್ತಾ ಸ್ವಂತ ಬುದ್ಧಿಯಿಂದ ಆರು ಸಾಲು ಬರೆದು ಕೊಟ್ಟ.

ಮಾವ ರೂಢಿಯಂತೆ ಕೆಂಪು ಪೆನ್ನು ಎತ್ತಿಕೊಂಡರು. ಮೊದಲ ಸಾಲಿಗೆ ಮೂರು ಗೆರೆ, ಎರಡನೆಯದಕ್ಕೆ ನಾಲ್ಕು. ಕೊನೆ ಮುಟ್ಟುವಷ್ಟರಲ್ಲಿ ಲೆಕ್ಕ ಹದಿನಾರಕ್ಕೆ ಬಂತು. ಹಾಳೆ ಕೆಳಗಿಟ್ಟು, ಅಂದು ಮೊದಲ ಬಾರಿಗೆ ಸಮಾಧಾನದ ಉಸಿರು ಬಿಟ್ಟರು.

“ಈಗ ನಂಬಿಕಿ ಬಂತು ನೋಡು. ನೀ ಬದುಕೀದಿ.”

ಹೊರಗೆ ಎರ್ರೆಪ್ಪ ಎರಡರ ಗಂಟೆ ಬಾರಿಸಿದ.