ಹದಿನೇಳು ಬೇಸಾಯಗಾರರ ಹೊಲ

ಪ್ಲಮ್‌ಕ್ರೀಕ್ ಕೌಂಟಿಯ ಆರ್ಲೊ ಟೀಮನ್ನನ ಹೊಲವನ್ನು ಹದಿನೇಳು ಮಂದಿ ಬೇಸಾಯಗಾರರು ಸಾಗುವಳಿ ಮಾಡುತ್ತಿದ್ದರೆಂಬುದು ಸರ್ಕಾರಿ ದಾಖಲೆಗಳಿಂದ ಸಂಶಯಾತೀತವಾಗಿ ಸಾಬೀತಾದ ಸಂಗತಿ. ಮೂವತ್ತು ವರ್ಷದಿಂದ ಅಲ್ಲಿ ಉತ್ತು ಬಿತ್ತುತ್ತಿದ್ದ ಎಲ್ಡನ್ ವೋಟಾವ ಮಾತ್ರ ಆ ಹದಿನೇಳರಲ್ಲಿ ಇರಲಿಲ್ಲ.

ಸಹಾಯಧನ ತಲೆಗಿಷ್ಟು ಎಂದು ನಿಯಮ. ಮಣ್ಣು ಮುಟ್ಟಲೇಬೇಕೆಂದಿಲ್ಲ, 'ನಿರ್ವಹಣೆ' ಮಾಡಿದರೂ ಬೇಸಾಯವೇ. ಆದ್ದರಿಂದ ಆರ್ಲೊ ಬಂಧುಬಳಗವನ್ನೆಲ್ಲ ನಿರ್ವಾಹಕರೆಂದು ಬರೆಸಿದ್ದ. ಡೆನ್ವರಿನಲ್ಲಿ ಹಲ್ಲು ಕೀಳುವ ಅಳಿಯನೂ ಒಮಾಹಾದ ವೃದ್ಧಾಶ್ರಮದ ಹಿಲ್ಡಾ ಅತ್ತೆಯೂ ಆ ಪಟ್ಟಿಯಲ್ಲಿದ್ದರು. ಎಲ್ಡನ್ನನದು ಬರೀ ಕೈಕೆಲಸ. ಬೆಳೆದ ಜೋಳದಲ್ಲಿ ಐದನೇ ಒಂದು ಪಾಲು, ಅಷ್ಟೇ ಅವನ ಜೀವನ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕೃಷಿ ಕಚೇರಿಯ ಕಡತಕ್ಕೆ ಇನ್ನೂ ಬಂದಿರಲಿಲ್ಲ.

ಆ ವಸಂತದಲ್ಲಿ ಸುತ್ತೋಲೆ ಬಂತು: 'ಬಿತ್ತನೆಗೆ ಸಕಲ ನಿರ್ವಾಹಕರ ಲಿಖಿತ ಒಪ್ಪಿಗೆ ಕಡ್ಡಾಯ.' ಮೇ ಇಪ್ಪತ್ತೈದು ಬಿತ್ತನೆಯ ಕೊನೆಯ ದಿನ. ನೆಲ ಹದವಾಗಿತ್ತು. ಎಲ್ಡನ್ ಟ್ರ್ಯಾಕ್ಟರ್ ಬಿಟ್ಟು ಫೋನ್ ಹಿಡಿದು ಕೂತ.

"ಸಾಲುಗಳ ಮಧ್ಯೆ ಅಷ್ಟೊಂದು ಸಂದು ಯಾಕ್ರೀ? ಮುಚ್ಚೋಕಾಗಲ್ವಾ?" ಎಂದು ಹಲ್ಲಿನ ಡಾಕ್ಟರ್ ವರದಿ ಕೇಳಿದ.

"ಜೋಳ ನನಗೆ ಒಗ್ಗಲ್ಲ ಕಣಪ್ಪಾ. ಬಟಾಣಿ ಹಾಕು," ಎಂದರು ಹಿಲ್ಡಾ ಅತ್ತೆ.

ಇನ್ನೊಬ್ಬ ನಿರ್ವಾಹಕ ಹಡಗು ಹತ್ತಿ ವಿಹಾರಕ್ಕೆ ಹೋಗಿದ್ದ. ಮೇ ಇಪ್ಪತ್ತಾರು ಬಂದೇಬಿಟ್ಟಿತು. ಎಲ್ಡನ್ ಕಚೇರಿಗೆ ಓಡಿದ.

"ಮೇಡಂ, ನಾಲ್ಕೇ ದಿನ ಕೊಡಿ. ಬಿತ್ತಿಬಿಡ್ತೀನಿ."

"ಯಾಕೆ ಸುಮ್ನೆ ತೊಂದ್ರೆ?" ಎಂದಳು ಅಧಿಕಾರಿ ನೊರೀನ್. "ಬಿತ್ತೋಕಾಗ್ದೆ ಇದ್ರೆ ಪರಿಹಾರ ಇದೆ. ಬಿತ್ತಿದ್ದಕ್ಕಿಂತ ಜಾಸ್ತೀನೇ." ಫಾರಮ್ಮಿನಲ್ಲಿ ಕಾರಣದ ಜಾಗಕ್ಕೆ ಬಂದಾಗ ಅತಿವೃಷ್ಟಿ, ಅನಾವೃಷ್ಟಿ ಎರಡನ್ನೂ ಹೊಡೆದು 'ಅತಿನಿರ್ವಹಣೆ' ಎಂದು ಬರೆದಳು.

"ನನ್ನ ಪಾಲು?"

"ಬೆಳೇಲಿ ಐದನೇ ಒಂದು, ಅಲ್ವಾ? ಬೆಳೆ ಸೊನ್ನೆ. ನಿಮ್ಮ ಪಾಲು ಪೂರ್ತಿ ಸಂದಿದೆ."

ಮೂವತ್ತು ವರ್ಷದ ದುಡಿಮೆ ಎಲ್ಲಿ ಹೋಯಿತು ಎಂದು ಕೇಳೋಣವೆಂದರೆ ಅದಕ್ಕೆ ಫಾರಮ್ಮಿರಲಿಲ್ಲ.

"ನಾನೂ ನಿರ್ವಾಹಕ ಆಗ್ಬೇಕಂದ್ರೆ?"

"ಹೊಲದ ಬಗ್ಗೆ ಒಂದು ತೀರ್ಮಾನ ಕೊಡ್ಬೇಕು."

ಎಲ್ಡನ್ ಯೋಚಿಸಿದ. "ಬರೋ ವರ್ಷಾನೂ ಬಿತ್ತೋದು ಬೇಡ."

ನೊರೀನ್ ಎದ್ದು ನಿಂತು ಕೈಕುಲುಕಿದಳು. ಇಷ್ಟು ಪಕ್ವವಾದ ತೀರ್ಮಾನ ತನ್ನ ಸೇವಾವಧಿಯಲ್ಲಿ ಬಂದಿರಲಿಲ್ಲವೆಂದು ಷರಾ ಬರೆದಳು. ಸಂಜೆಯೊಳಗೆ ಆ ತೀರ್ಮಾನಕ್ಕೆ ಹದಿನೇಳು ಒಪ್ಪಿಗೆಗಳೂ ಬಂದವು, ಹಡಗಿನಿಂದ ಬಂದದ್ದೇ ಎಲ್ಲಕ್ಕಿಂತ ಮೊದಲು. ಹದಿನೆಂಟನೇ ಬೇಸಾಯಗಾರನಿಗೆ ಚೆಕ್ಕೂ ಬಂತು, ಪಾಲಿಗಿಂತ ದಪ್ಪದ್ದು.

ಮರುವರ್ಷ ಮೇ ತಿಂಗಳಲ್ಲಿ ಎಲ್ಡನ್ ಬೇಲಿಯ ಬಳಿ ನಿಂತಿದ್ದ. ಹೊಲದ ತುಂಬ ಕಳೆ. ಕೈ ತಡೆಯದೆ ಬಗ್ಗಿ ಒಂದನ್ನು ಕಿತ್ತ.

"ಏ, ಏನ್ ಮಾಡ್ತಿದೀಯಾ?" ಎಂದ ಆರ್ಲೊ. "ಯಾರಾದ್ರೂ ನೋಡಿದ್ರೆ ಕೂಲಿಯವನು ಅಂತ ಬರ್ಕೊಳ್ತಾರೆ. ನಿನ್ನ ಚೆಕ್ ಹೋಗುತ್ತೆ ಮಾರಾಯಾ."

ಎಲ್ಡನ್ ಅತ್ತಿತ್ತ ನೋಡಿದ. ಆಮೇಲೆ ಮಂಡಿಯೂರಿ, ಕಳೆಯನ್ನು ಅದೇ ಕುಳಿಗೆ ಇಳಿಸಿ, ಬೇರಿಗೆ ಗಾಳಿ ಹೋಗದಂತೆ ಸುತ್ತ ಮಣ್ಣು ಒತ್ತಿ, ನೀರು ಹೊಯ್ದ. ಅದು ಚೆನ್ನಾಗಿಯೇ ಚಿಗುರಿತು.