ಹತ್ತೊಂಬತ್ತು ಪ್ರಶ್ನೆ, ಒಂದು ಮರದ ಪೆಟ್ಟಿಗೆ

"ಚಳಿ ಅಂದ್ರೆ ಏನು ಅಂತ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ನಾನು ಚಳಿಗೇ ಪಾಠ ಹೇಳೋನು!" ಎಂದು ಲೆವಿ ಪಡಿಸ್ಟರ್ ಮೇಷ್ಟ್ರು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದರು. ಲೋಟದಲ್ಲಿದ್ದ ಟೀ ಚೆಲ್ಲಿತು. ಹೆಂಡತಿ ಡಲ್ಸಿ ಬಂದು ಒರೆಸಿದಳು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಘೋಷಣೆ ಅವರದು, ಒರೆಸುವ ಬಟ್ಟೆ ಇವಳದು.

ಘೋಷಣೆಗೆ ಕಾರಣವಿತ್ತು. ನ್ಯೂಫೌಂಡ್‌ಲ್ಯಾಂಡಿನ ಅವರ ಮೀನುಗಾರರ ಊರಲ್ಲಿ ಮಕ್ಕಳೇ ಇಲ್ಲದಂತಾಗಿ ಶಾಲೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಐವತ್ತನಾಲ್ಕು ತುಂಬಿದ ಮೇಷ್ಟ್ರನ್ನು ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೂವತ್ತೊಂದು ಕಡೆ ಅರ್ಜಿ ಗುಜರಾಯಿಸಿದ್ದಕ್ಕೆ ಬಂದದ್ದು ಒಂದೇ ಉತ್ತರ, ಅದೂ ಉತ್ತರ ದಿಕ್ಕಿನಿಂದ. ಅವಿಂಗಾಕ್, ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನರ ಊರು. ರಸ್ತೆಯಿಲ್ಲ. ಜನ ಹೋಗುವುದು ಪುಟ್ಟ ವಿಮಾನದಲ್ಲಿ, ಸಾಮಾನು ಹೋಗುವುದು ಬೇಸಿಗೆಯ ಹಡಗಿನಲ್ಲಿ. ವರ್ಷಕ್ಕಾಗುವಷ್ಟು ದಿನಸಿಯನ್ನು ಒಂದು ದೊಡ್ಡ ಮರದ ಪೆಟ್ಟಿಗೆಗೆ ತುಂಬಿ ಮೊದಲೇ ಕಳಿಸಬೇಕು. ಈ ಕೆಲಸವೂ ಕೈತಪ್ಪಿದರೆ ಉಳಿಯುವುದು ಕಾರ್ಖಾನೆಯಲ್ಲಿ ಏಡಿಯ ಕಾಲು ಮುರಿಯುವ ಕೆಲಸ. ಅಲ್ಲಿಯ ಮೇಸ್ತ್ರಿ ಇವರ ಹಳೇ ಶಿಷ್ಯ. ಅವನನ್ನು ಇವರು ಮೂರು ಸಲ ಫೇಲು ಮಾಡಿದ್ದರು.

"ಅಲ್ಲಿಗೆ ಹೋಗಿ ಬಂದವರನ್ನ ಒಂದು ಮಾತು ಕೇಳು ಲೆವಿ," ಎಂದಳು ಡಲ್ಸಿ.

"ಅಲ್ಲಿಂದ ಓಡಿ ಬಂದವರನ್ನ ಕೇಳಿ ಏನು ಕಲೀಲಿ, ಓಡೋದನ್ನಾ? ನಾನು ನೇರವಾಗಿ ಆ ಊರಿನವರನ್ನೇ ವಿಚಾರಣೆ ಮಾಡ್ತೀನಿ."

ವಿಚಾರಣೆಗೆ ಕಂಪ್ಯೂಟರ್ ಪರದೆಯ ಮೇಲೆ ಹಾಜರಾದವರು ಅವಿಂಗಾಕ್ ಶಾಲಾ ಸಮಿತಿಯ ಅಧ್ಯಕ್ಷೆ ಲೀಟಿಯಾ. ನರೆತ ಕೂದಲಿನ ಅಜ್ಜಿ, ತೆಳ್ಳನೆಯ ಅರ್ಧತೋಳಿನ ಅಂಗಿ. ಮೇಷ್ಟ್ರು ಗೆರೆ ಎಳೆದ ಹಾಳೆಯಲ್ಲಿ ಹತ್ತೊಂಬತ್ತು ಪ್ರಶ್ನೆ ಬರೆದುಕೊಂಡು, ಟೈ ಕಟ್ಟಿಕೊಂಡು ಕೂತರು.

"ನಮಗೆ ಕೊಡೋ ಮನೇಲಿ ಮಂಚ ಇದೆಯಾ?"

ಅಜ್ಜಿಯ ಎರಡೂ ಹುಬ್ಬು ಮೇಲೇರಿದವು. ಮಾತಿಲ್ಲ.

"ಮಂಚ! ಮಲಗೋದು!" ಮೇಷ್ಟ್ರು ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸಿದರು. ಹುಬ್ಬು ಇನ್ನೊಂಚೂರು ಮೇಲೇರಿತು.

"ನೋಡಿದ್ಯಾ?" ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. "ಮಂಚ ಅಂದ್ರೆ ಬೆರಗಾಗ್ತಾರೆ, ಪಾಪ." ಹಾಳೆಯಲ್ಲಿ ಬರೆದುಕೊಂಡರು: ಮಂಚ, ಒಂದು.

"ಫ್ರಿಜ್ಜು?" ಮತ್ತೆ ಹುಬ್ಬು.

"ಅಲ್ಲ ಲೆವಿ, ಅವರ ಬೆನ್ನ ಹಿಂದೆ ಇರೋದು ಫ್ರಿಜ್ಜೇ ಅಲ್ವಾ?"

"ಬೀರು ಕಣೇ ಅದು. ಬಿಳೀ ಬಣ್ಣ ಬಳಿದಿದಾರೆ."

"ಶಾಲೇಲಿ ಕಂಪ್ಯೂಟರ್?" ಹುಬ್ಬು. ಅಜ್ಜಿ ಮಾತಾಡುತ್ತಿರುವುದೇ ಅದರಲ್ಲಿ ಎಂದು ಡಲ್ಸಿ ನೆನಪಿಸಿದಳು. ಯಾರಿಂದಲೋ ಕಡ ತಂದಿರಬೇಕೆಂದು ಮೇಷ್ಟ್ರು ತೀರ್ಪಿತ್ತರು. ಕಕ್ಕಸಿಗೂ ಹುಬ್ಬು, ಒಲೆಗೂ ಹುಬ್ಬು, ವಿದ್ಯುತ್ತಿಗೂ ಹುಬ್ಬು. ನಾಗರಿಕತೆಯ ಒಂದೊಂದು ಹೆಸರು ಎತ್ತಿದಾಗಲೂ ಆ ಊರು ಹೀಗೆ ಬೆಕ್ಕಸ ಬೆರಗಾಗುವುದನ್ನು ಕಂಡು ಮೇಷ್ಟ್ರ ಎದೆ ಕರುಣೆಯಿಂದ ಉಬ್ಬಿತು.

"ನೀರು ತುಂಬಿಡೋಕೆ ಪೀಪಾಯಿ ತರಬೇಕಾ?"

ಈ ಸಲ ಅಜ್ಜಿ ಮೂಗು ಸುಕ್ಕಿಸಿದರು.

"ನೀರು ಅಂದ್ರೇ ಮೂಗು ಮುರೀತಾರೆ," ಎಂದರು ಮೇಷ್ಟ್ರು. "ಸ್ನಾನದ ಅಭ್ಯಾಸ ಇದ್ದಂತಿಲ್ಲ." ಪೀಪಾಯಿ ಎರಡು, ಸೋಪು ಹನ್ನೆರಡು ಡಜನ್.

ಹತ್ತೊಂಬತ್ತೂ ಮುಗಿದ ಮೇಲೆ ಡಲ್ಸಿ ಪರದೆಯ ಮುಂದೆ ಬಾಗಿದಳು. "ಅಮ್ಮಾ, ನಾನು ಏನು ತರಲಿ?"

"ಟೀ ತನ್ನಿ," ಎಂದರು ಅಜ್ಜಿ ಸ್ಪಷ್ಟವಾಗಿ. "ನಿಮ್ಮ ಕಡೆಯವರು ಅಕಾರ್ಡಿಯನ್ ನುಡಿಸ್ತಾರಲ್ಲ, ನಿಮಗೆ ಬರುತ್ತಾ?"

"ಬರುತ್ತೆ!"

"ತನ್ನಿ. ನಮ್ಮಲ್ಲೂ ಕುಣೀತೀವಿ."

ಕಂಪ್ಯೂಟರ್ ಆರಿದ ಮೇಲೆ ಮೇಷ್ಟ್ರು ಟೈ ಸಡಿಲಿಸಿದರು. "ಮಾತು ಬರುತ್ತೆ ಹಾಗಾದ್ರೆ. ನನ್ನ ಪ್ರಶ್ನೆಗಳ ಮಟ್ಟಕ್ಕೆ ಏರೋಕಾಗಲಿಲ್ಲ, ಅಷ್ಟೆ."

ಮುಂದಿನ ಎರಡು ವಾರ ಮೇಷ್ಟ್ರು ಪೆಟ್ಟಿಗೆ ತುಂಬಿದರು. ಮಂಚ ಹೋಯಿತು, ಒಲೆ ಹೋಯಿತು, ಲಾಟೀನು ನಾಲ್ಕು ಹೋದವು, ಹಿಮದ ನಾಡಿಗೆ ಹೊಸ ಫ್ರಿಜ್ಜು ಹೋಯಿತು. ಕಮೋಡು ಒಳಗೆ ಇಳಿದಾಗ ಡಲ್ಸಿಯ ಹಿಟ್ಟಿನ ಮೂಟೆಗಳು ಹೊರಗೆ ಬಂದವು. ಪೀಪಾಯಿಗಳು ಇಳಿದಾಗ ಟೀ ಡಬ್ಬಗಳು ಬಂದವು. ಕೊನೆಗೆ ಅಕಾರ್ಡಿಯನ್ನೂ ಹೊರಗೆ ಬಂತು.

"ಅದಕ್ಕೆ ಜಾಗ ಇಲ್ಲ," ಎಂದರು.

"ಕಮೋಡಿಗೆ ಇದೆಯಾ?"

"ನಿನ್ನ ಅಕಾರ್ಡಿಯನ್ ಮೇಲೆ ಕೂರೋಕಾಗುತ್ತಾ?"

ಅದು ಡಲ್ಸಿಯ ಅಪ್ಪ ಕೊಟ್ಟ ಅಕಾರ್ಡಿಯನ್. ಅವಳು ಒಂದೂ ಮಾತಾಡದೆ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಮೇಷ್ಟ್ರು ಅದನ್ನು ಒಪ್ಪಿಗೆ ಎಂದು ತಿಳಿದು ಮೊಳೆ ಹೊಡೆದರು. ಪೆಟ್ಟಿಗೆ ಬಂದರು ಸೇರಿತು. ಬಂದರಿನವರು ಅದಕ್ಕೆ ಉಕ್ಕಿನ ಪಟ್ಟಿ ಬಿಗಿದು, ಪದ್ಧತಿಯಂತೆ ಒಳಗಿದ್ದ ಸಾಮಾನಿನ ಪಟ್ಟಿಯನ್ನು ಅವಿಂಗಾಕ್‌ಗೂ ಕಳಿಸಿದರು.

ಹಡಗು ಹೊರಡಲು ಮೂರು ದಿನ ಇರುವಾಗ ಲೀಟಿಯಾ ಅಜ್ಜಿ ತಾವಾಗಿಯೇ ಪರದೆಯ ಮೇಲೆ ಬಂದರು. ಕೈಯಲ್ಲಿ ಆ ಪಟ್ಟಿ.

"ಮೇಷ್ಟ್ರೇ, ನಮ್ಮೂರಲ್ಲಿ ಅಂಗಡಿ ಇಡ್ತೀರಾ?"

"ನಿಮ್ಮಲ್ಲಿ ಏನೂ ಇಲ್ವಲ್ಲ ಅಂತ..."

"ಇದೆ ಅಂತ ಹೇಳಿದ್ನಲ್ಲ."

"ಯಾವಾಗ ಹೇಳಿದ್ರಿ?"

"ನೀವು ಹತ್ತೊಂಬತ್ತು ಸಲ ಕೇಳಿದ್ರಿ, ನಾನು ಹತ್ತೊಂಬತ್ತು ಸಲ ಹೇಳಿದೆ." ಅಜ್ಜಿ ಪಟ್ಟಿಯನ್ನು ಪಕ್ಕಕ್ಕಿಟ್ಟರು. "ನಮ್ಮಲ್ಲಿ ಹೂಂ ಅಂದ್ರೆ ಹೀಗೆ." ಹುಬ್ಬು ಮೇಲೇರಿತು. "ಊಹೂಂ ಅಂದ್ರೆ ಹೀಗೆ." ಮೂಗು ಸುಕ್ಕಾಯಿತು. "ತೊಟ್ಟಿಲ ಕೂಸಿಗೂ ಗೊತ್ತು."

ಮೇಷ್ಟ್ರ ಹಿಂದೆ ಡಲ್ಸಿ ಬಾಯಿಗೆ ಏಪ್ರನ್ ತುರುಕಿಕೊಂಡು ನಗುತ್ತಿದ್ದಳು.

ಅಜ್ಜಿ ನಗಲಿಲ್ಲ. "ಹಿಂದೆ ಬಂದ ಮೇಷ್ಟ್ರು ನಮ್ಮ ಮಕ್ಕಳು ಬಾಯೇ ಬಿಡಲ್ಲ ಅಂತ ಇಡೀ ಕ್ಲಾಸಿಗೆ ಸೊನ್ನೆ ಹಾಕಿದ. ನನ್ನ ಮೊಮ್ಮಗಳು ಮೂರು ತಿಂಗಳು ಹುಬ್ಬೆತ್ತಿ ಎತ್ತಿ ಸಾಕಾಗಿ, ಇನ್ನು ಶಾಲೆಗೇ ಹೋಗಲ್ಲ ಅಂದ್ಲು. ಇವತ್ತು ಸಂಜೆ ಸಮಿತಿ ಸೇರುತ್ತೆ. ನಿಮ್ಮ ಪಟ್ಟಿ ಎಲ್ಲರೂ ಓದಿದಾರೆ. ಈ ಮೇಷ್ಟ್ರು ಬೇಡ ಅಂತಿದಾರೆ."

ಡಲ್ಸಿಯ ನಗು ನಿಂತಿತು. ಮೇಷ್ಟ್ರ ಕಣ್ಣ ಮುಂದೆ ಏಡಿಯ ಕಾಲುಗಳ ರಾಶಿಯೂ, ಅದರಾಚೆ ಕೈಕಟ್ಟಿ ನಿಂತ ಹಳೇ ಶಿಷ್ಯನೂ ಬಂದು ಹೋದರು. ಆ ಮನೆಯಲ್ಲಿ ಮೊದಲ ಬಾರಿಗೆ ಅವರ ದನಿ ಮೇಜಿಗಿಂತ ಕೆಳಗಿಳಿಯಿತು.

"ನನಗೆ ಬೇರೆ ಕೆಲಸ ಯಾರೂ ಕೊಡಲ್ಲಮ್ಮ," ಎಂದರು. "ನಿಮ್ಮ ಮುಖ ನೋಡ್ತಾನೇ ಇದ್ದೆ. ನೋಡಿ ಪಾಪ ಅಂದ್ಕೊಂಡೆ. ತಪ್ಪಾಯ್ತು."

ಅಜ್ಜಿ ಪಟ್ಟಿಯನ್ನು ಮತ್ತೆ ಎತ್ತಿಕೊಂಡರು. "ಇದರಲ್ಲಿ ಅಕಾರ್ಡಿಯನ್ ಇಲ್ಲ."

"ಪೆಟ್ಟಿಗೆ ಬಿಚ್ಚಿಸಿ, ಕಮೋಡು ತೆಗೆದು ಅದನ್ನ ಹಾಕ್ತೀನಿ. ಟೀನೂ ಹಾಕ್ತೀನಿ. ಆಗ ನಾನು ಬರಬಹುದಾ?"

"ಬನ್ನಿ. ಸಮಿತಿಗೆ ನಾನು ಹೇಳ್ತೀನಿ. ಆದ್ರೆ ಮೊದಲು ಒಂದನೇ ಕ್ಲಾಸಿಗೆ."

ಹತ್ತನೇ ಕ್ಲಾಸಿಗಿಂತ ಕೆಳಗೆ ಎಂದೂ ಕಾಲಿಡದ ಪಡಿಸ್ಟರ್ ಮೇಷ್ಟ್ರು ಪರದೆಯ ಹತ್ತಿರ ಬಾಗಿದರು. "ಒಂದನೇ ಕ್ಲಾಸಿಗೆ ಪಾಠ ಹೇಳಬೇಕಾ?"

ಅಜ್ಜಿಯ ಮೂಗು ಸುಕ್ಕಾಯಿತು.

"ಮತ್ತೆ... ಮಕ್ಕಳ ಜೊತೆ ಕೂತ್ಕೊಂಡು ಕಲೀಬೇಕಾ?"

ಹುಬ್ಬು ನಿಧಾನವಾಗಿ ಮೇಲೇರಿತು. "ಆಗುತ್ತಾ?" ಎಂದು ಕೇಳಿದರು ಅಜ್ಜಿ.

ಮೇಷ್ಟ್ರು ತಮ್ಮ ಪೊದೆಹುಬ್ಬುಗಳೆರಡನ್ನೂ ಎತ್ತಿದರು.

"ಅಷ್ಟು ಸಾಲದು ಲೆವಿ," ಎಂದಳು ಡಲ್ಸಿ. "ಇನ್ನೊಂಚೂರು ಮೇಲೆ."