ಹುರುಳಿ ಹಾಸಿದ ಹೆದ್ದಾರಿ

ಲಾರಿಗಳ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಹುಟ್ಟಿದ್ದೇ ಗುಂಡ್ಲುಪೇಟೆಯ ಹೆದ್ದಾರಿ ಪಕ್ಕ. 'ಅಮ್ಮ' ಎನ್ನುವ ಮೊದಲೇ 'ಪೋಂಯ್' ಎಂದವನು ನಾನು. ಊರಿನಲ್ಲಿ ಯಾರನ್ನು ಬೇಕಾದರೂ ಅಣಕಿಸಬಲ್ಲೆ: ಊಟಿ ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಪಾಠ ಮಾಡುವ ಮೇಷ್ಟ್ರು, ಹುಡುಗಿಯರೆದುರು ತೊದಲುವ ನಾನು. ಆದರೆ ರಸ್ತೆಯೇ ಮನುಷ್ಯರನ್ನು ಅಣಕಿಸಿದರೆ ಸಹಿಸುವುದು ಹೇಗೆ? ಹೊಸ ಟಾರು ಬಿದ್ದದ್ದೇ ತಡ, ಕೇರಳದ ಲಾರಿಗಳಿಗೂ ಊಟಿಯ ಕಾರುಗಳಿಗೂ ನಮ್ಮದೊಂದು ಊರು ಎಂಬುದೇ ಮರೆತುಹೋಯಿತು. ಹಸು ಅಡ್ಡ ಬಂದರೆ ಬ್ರೇಕು, ಹೆಂಗಸು ಅಡ್ಡ ಬಂದರೆ ಹಾರನ್ನು! ಇದು ಯಾವ ಸೀಮೆಯ ನ್ಯಾಯ?

ನಮ್ಮ ಮನೆ ರಸ್ತೆಯ ಈಚೆ. ಅಜ್ಜಿಯ ತಂಗಿ ಚಿಕ್ಕತಾಯಮ್ಮನ ಮನೆ ನೇರ ಎದುರಿಗೆ, ಆಚೆ. ಮಧ್ಯಾಹ್ನ ಒಟ್ಟಿಗೆ ಕೂತು ಎಲೆಅಡಿಕೆ ಮೆಲ್ಲುತ್ತ ಜಗಳವಾಡದಿದ್ದರೆ ಇಬ್ಬರಿಗೂ ಉಂಡದ್ದು ಅರಗದು. ಈಗ ಅಜ್ಜಿ ಸೆರಗು ಸಿಕ್ಕಿಸಿ, ರಸ್ತೆಗೊಂದು ಹೆಜ್ಜೆ ಇಟ್ಟು, ಬೆಚ್ಚಿ ಹಿಂದೆ ಬಂದು, ಕೊನೆಗೆ ಜಗಲಿಯಿಂದಲೇ ಕೂಗುತ್ತಾಳೆ. ಅರ್ಧ ಮಾತು ಲಾರಿಯ ಪಾಲು.

"ಅಮ್ಮೀ, ಮಂಡಿನೋವು ಎಂಗದೆ?" ಎಂದು ಅಜ್ಜಿ ಕೂಗಿದರೆ, ಆಚೆಯಿಂದ ಚಿಕ್ಕತಾಯಮ್ಮ, "ಬೋಂಡಾನಾ ಅಕ್ಕಾ? ಒಬ್ಳೇ ತಿನ್ಬ್ಯಾಡ ಕಣ, ಕಳ್ಸು!" ಬೋಂಡ ಬರಲಿಲ್ಲವೆಂದು ಆಕೆ ವಾರವಿಡೀ ಮುಖ ತಿರುಗಿಸಿದಳು.

"ನಾನ್ ಸತ್ರೂ ಅವ್ಳು ಈಚೆ ಬರಾಕಾಗಲ್ಲ ಕಣ್ಲಾ ಮಗ" ಎಂದು ಅಜ್ಜಿ ಕಣ್ಣೊರೆಸಿಕೊಂಡ ದಿನ ನನಗೆ ತಮಾಷೆ ಮರೆತುಹೋಯಿತು. ಚಾಮರಾಜನಗರದ ಹೆದ್ದಾರಿ ಕಚೇರಿಗೆ ಹೋಗಿ, ಮನೆಯ ಮುಂದೊಂದು ಹಂಪು ಹಾಕಿಸಿ ಎಂದು ಕೇಳಿದೆ. ಸಾಹೇಬರು ಗಾಬರಿಯಾಗಿ, "ಹಂಪು ಹಾಕಿದ್ರೆ ಗಾಡಿಗಳು ನಿಧಾನ ಆಗ್ತವಲ್ರೀ!" ಎಂದರು. ಮಾತ್ರೆ ಕೊಟ್ಟರೆ ಜ್ವರ ಬಿಟ್ಟುಹೋದೀತೆಂದು ಡಾಕ್ಟರು ಹೆದರಿದ ಹಾಗೆ! "ನಿಮ್ಮಜ್ಜಿಗೆ ಸ್ವಲ್ಪ ಬೇಗ ನಡೆಯೋಕೆ ಹೇಳಿ" ಎಂಬ ಸಲಹೆ ಬೇರೆ. ಹಿಂದಿರುಗುವಾಗ ಬಸ್ಸಿನಲ್ಲಿ ಸಾಹೇಬರ ದನಿಯಲ್ಲೇ ಸಾಹೇಬರನ್ನು ಬೈಯತೊಡಗಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ತೆರಕಣಾಂಬಿ ಹತ್ತಿರ ಬಸ್ಸು ಇದ್ದಕ್ಕಿದ್ದಂತೆ ಎತ್ತಿನಗಾಡಿಯ ನಡಿಗೆಗಿಳಿಯಿತು. ಇಣುಕಿದರೆ ರಸ್ತೆ ತುಂಬ ಹುರುಳಿ! ಚಕ್ರ ಹತ್ತಿ ಕಾಳುದುರಲೆಂದು ರೈತರು ಗಿಡ ಹಾಸಿದ್ದರು. ನಮ್ಮ ಕಡೆ ಮಾತಿನ ಕೊನೆಗೆ 'ಕಣ' ಇರುವುದು ಗೊತ್ತೇ ಇದೆ. ಸುಗ್ಗಿ ಬಂದರೆ ರಸ್ತೆಯೂ ಕಣವೇ. ಕಚೇರಿ ಕೊಡದ ಹಂಪನ್ನು ಹುರುಳಿ ಕೊಡುತ್ತಿತ್ತು.

ಅಲ್ಲಿಯೇ ಇಳಿದು, ಆ ಊರಿನಲ್ಲಿದ್ದ ನನ್ನ ಮಾವನಿಗೆ ದುಂಬಾಲು ಬಿದ್ದು, ಮಾರನೆಯ ದಿನ ಗಾಡಿ ತುಂಬ ಹುರುಳಿ ತರಿಸಿ ಮನೆಯ ಮುಂದೆ ದಪ್ಪಗೆ ಹಾಸಿಬಿಟ್ಟೆ. ಲಾರಿಗಳು ತೆವಳಿದವು. ಡ್ರೈವರುಗಳು ಕನ್ನಡದಲ್ಲಿ ಬೈದರು, ಮಲಯಾಳದಲ್ಲಿ ಬೈದರು. ಅರ್ಥವಾಗದ್ದಕ್ಕೆಲ್ಲ ನಮಸ್ಕಾರ ಮಾಡಿದೆ. ಅಜ್ಜಿ ಸಾವಕಾಶವಾಗಿ, ರಸ್ತೆ ತನ್ನ ತವರಿನದೆಂಬಂತೆ ದಾಟಿ ಹೋದಳು. ಆವತ್ತು ನನಗಿಂತ ದೊಡ್ಡ ಸಮಾಜ ಸುಧಾರಕ ಜಿಲ್ಲೆಯಲ್ಲೇ ಇರಲಿಲ್ಲ.

ಅದರ ಮರುದಿನ ನನಗೆ ಚಾಮರಾಜನಗರದಲ್ಲಿ ಕೆಲಸದ ಇಂಟರ್‌ವ್ಯೂ. ಎದ್ದದ್ದೇ ತಡವಾಗಿ, ಓಡಿ ಹೋಗಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ನಮ್ಮ ಮನೆಯೆದುರು ಬಸ್ಸು ಗಕ್ಕನೆ ನಿಂತಿತು. ರಸ್ತೆಯ ನಟ್ಟನಡುವೆ, ಮೆತ್ತನೆ ಹುರುಳಿಯ ಮೇಲೆ, ಇಬ್ಬರು ಮುದುಕಿಯರು ಕಾಲು ನೀಡಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಗಡಿಯಾರ ನೋಡಿಕೊಂಡೆ. ರಕ್ತ ಕುದಿದು ಕೂಗಿದೆ:

"ಹಾರನ್ ಹೊಡೀರಣ್ಣ! ರೋಡೇನು ಇವರಪ್ಪಂದಾ?"

"ಯಾವ್ ಬಡ್ಡೆತ್ತದ್ಲಾ ಇದ್ನ ಹಾಸಿರಾದು?" ಎಂದು ಡ್ರೈವರು ನನ್ನನ್ನೇ ಕೇಳಿದ.

"ಯಾವನೋ ತಲೆಕೆಟ್ಟೋನು ಬುಡಣ್ಣ" ಎಂದೆ.

ಅಜ್ಜಿಯ ಕಿವಿ ಚುರುಕು. "ಅಯ್, ನಮ್ ಹೈದನ ದನಿ ಕಣಮ್ಮಿ!" ಎಂದು ತಂಗಿಯನ್ನು ತಿವಿದು, ಹೆಮ್ಮೆಯಿಂದ ಬಸ್ಸಿನತ್ತ ಕೈಚಾಚಿದಳು. "ಡ್ರೈವರಪ್ಪಾ, ಇದ್ನೆಲ್ಲ ಹಾಸ್ದೋನೇ ನಿನ್ ಬಸ್ಸಲ್ಲಿ ಕುಂತವ್ನೆ, ನೋಡಪ್ಪ!"

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ನಾನು ಬೀಳದೇ ಇದ್ದ ಚಿಲ್ಲರೆಯನ್ನು ಸೀಟಿನಡಿ ಹುಡುಕತೊಡಗಿದೆ.